ಖಾಲಿ ಕ್ರೀಡಾಂಗಣದಲ್ಲಿ ಕುನಿಯ ದನಿ

ಇಸೊಹಾಮಾದ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ ಒಬ್ಬರು ಕೆಮ್ಮಿದರೆ ಎದುರು ಬದಿಯಲ್ಲಿ ಕುಳಿತವರು ತಿರುಗಿ ನೋಡುತ್ತಿದ್ದರು. ಅಷ್ಟು ಖಾಲಿ. ಕಾಲುವೆಯ ಆಚೆ ಉಕ್ಕಿನ ಕಾರ್ಖಾನೆ, ಈಚೆ ಎಣ್ಣೆಯ ಟ್ಯಾಂಕುಗಳು, ನಡುವೆ ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ನೆಲದ ಮೇಲೆ ಈ ಮೈದಾನ. ರೈಲಿಳಿದು ಕಬ್ಬಿಣದ ಸೇತುವೆ ದಾಟಿ ನಡೆದು ಬರಬೇಕು. ಗಾಳಿ ಬೀಸಿದ ದಿಕ್ಕಿಗೆ ತಕ್ಕಂತೆ ಒಮ್ಮೆ ಎಣ್ಣೆಯ ವಾಸನೆ, ಒಮ್ಮೆ ಮೀನಿನ ವಾಸನೆ. ಕೊಲ್ಲಿಯ ಆಚೆಯ ದೊಡ್ಡ ತಂಡ ಆಡುವ ದಿನ ಊರಿಗೆ ಊರೇ ಟೀವಿಯ ಮುಂದೆ ಕೂರುತ್ತಿತ್ತು. ಸ್ವಂತ ಊರಿನ ಪೆಲಿಕನ್ಸ್ ತಂಡ ಆಡುವ ದಿನ ಅದೇ ಜನರಿಗೆ ಬಟ್ಟೆ ಒಗೆಯುವ ಕೆಲಸ ನೆನಪಾಗುತ್ತಿತ್ತು.

ಬರುವವರಲ್ಲಿಯೂ ಆಟಕ್ಕೆಂದು ಬರುವವರು ಅರ್ಧ ಮಾತ್ರ. ರಾತ್ರಿ ಪಾಳಿ ಮುಗಿಸಿ ಬೆಂಚಿನ ಮೇಲೆ ಉದ್ದಕ್ಕೆ ಮಲಗಲು ಬಂದವರು, ಮನೆಯಲ್ಲಿ ಹೆಂಡತಿಯೊಡನೆ ಜಗಳವಾಡಿ ಬಂದವರು, ಶೋಗಿ ಎಂಬ ಜಪಾನಿ ಚದುರಂಗದ ಮಣೆ ಹರಡಿಕೊಂಡು ಕಾಯಿ ನಡೆಸುವ ಮುದುಕರು. ಆಟದ ನಡುವೆ ಧ್ವನಿವರ್ಧಕದಲ್ಲಿ ಒಂದು ಹೆಣ್ಣು ದನಿ, "ಇಂದಿನ ಪ್ರೇಕ್ಷಕರ ಸಂಖ್ಯೆ ಮೂರು ಸಾವಿರ" ಎಂದು ಬಹಳ ಗಂಭೀರವಾಗಿ ಹೇಳುತ್ತಿತ್ತು. ಆಗ ಎಲ್ಲರೂ ಸುತ್ತಲೂ ನೋಡುತ್ತಿದ್ದರು.

"ಮಿಕ್ಕೋರೆಲ್ಲ ಕಕ್ಕಸ್ಸಲ್ಲಿ ಇದ್ದಾರೆ ಕಣ್ರೀ. ಪಾಪ, ಸಾಲು ದೊಡ್ಡದು" ಎಂದು ಮೊದಲನೆಯ ನೆಲೆಯ, ಅಂದರೆ ಫಸ್ಟ್ ಬೇಸಿನ, ಬದಿಯಿಂದ ಒಂದು ಕೂಗು ಏಳುತ್ತಿತ್ತು. ಇಡೀ ಮೈದಾನ ನಗುತ್ತಿತ್ತು. ಆಟಗಾರರೂ ಕೈಗವಸಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದರು.

ಆ ಕೂಗು ಹಾಸುಮಿ ಕುನಿಯದು.

ಕುನಿ ಅರೆದ ಮೀನಿನಿಂದ ಚಿಕುವಾ ಎಂಬ ಕೊಳವೆಯಾಕಾರದ ತಿನಿಸು ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಹುಟ್ಟಿದ್ದು ಇದೇ ತೀರದಲ್ಲಿ. ಅವಳ ತಂದೆ ಆಳವಿಲ್ಲದ ನೀರಿನಲ್ಲಿ ಕೋಲು ನೆಟ್ಟು ನೋರಿ ಎಂಬ ತಿನ್ನುವ ಕಡಲಪಾಚಿ ಬೆಳೆಯುತ್ತಿದ್ದ. ಕಾರ್ಖಾನೆಗಳಿಗಾಗಿ ಸಮುದ್ರವನ್ನು ತುಂಬಿದಾಗ ಆ ಕೋಲುಗಳ ಮೇಲೂ ಮಣ್ಣು ಬಿತ್ತು. ಮುಂದೆ ಅದರ ಮೇಲೆ ಈ ಮೈದಾನ ಎದ್ದಿತು. ತಂದೆ ಒಂದು ದಿನವೂ ಇದರೊಳಗೆ ಕಾಲಿಡಲಿಲ್ಲ. ಕುನಿ ಮಾತ್ರ ಮದುವೆಯಾದ ವರ್ಷವೇ ಗಂಡ ತೊರಾಒನ ಜೊತೆ ಬಂದಳು. ತೊರಾಒ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ, ಮಾತು ಕಡಿಮೆ. ಮೈದಾನದಲ್ಲಿ ಅವನು ಸುಮ್ಮನೆ ಕಡಲೆಕಾಯಿ ಬಿಡಿಸುತ್ತಾ ಕೂರುತ್ತಿದ್ದ, ಅವಳು ಕೂಗುತ್ತಿದ್ದಳು. ಮೀನು ಅರೆಯುವ ಯಂತ್ರಗಳ ಸದ್ದಿನ ಮೇಲೆ ಮಾತನಾಡಿ ಮಾತನಾಡಿ ಅವಳ ದನಿ ಅಷ್ಟು ದೊಡ್ಡದಾಗಿತ್ತು. ಮಕ್ಕಳಾಗಲಿಲ್ಲ. ಗಂಡ ಎದೆಯ ಕಾಯಿಲೆಯಿಂದ ತೀರಿಕೊಂಡ ಮೇಲೂ ಕುನಿ ಅದೇ ಜಾಗಕ್ಕೆ ಬಂದು ಕುಳಿತಳು. ಪಕ್ಕದ ಬೆಂಚಿನ ಮೇಲೆ ಊಟದ ಡಬ್ಬಿ ಇಡುತ್ತಿದ್ದಳು. ಜಾಗಕ್ಕೇನೂ ಬರಗಾಲವಿರಲಿಲ್ಲ.

ತುಂಬಿದ ಮೈದಾನದಲ್ಲಿ ಪ್ರೇಕ್ಷಕರ ಕೂಗು ಸಮುದ್ರದ ಮೊರೆತದ ಹಾಗೆ, ಯಾರದು ಯಾವುದು ಎಂದು ತಿಳಿಯುವುದಿಲ್ಲ. ಇಲ್ಲಿ ಹಾಗಲ್ಲ. ಕುನಿ ಏನೇ ಅಂದರೂ ಅದು ಆಡುವವನ ಕಿವಿಗೆ ನೇರ ಹೋಗಿ ಬೀಳುತ್ತಿತ್ತು.

"ಅಂಪೈರ್ ಸಾಹೇಬ್ರೇ, ಕನ್ನಡಕ ಮನೇಲಿ ಬಿಟ್ಟು ಬಂದಿದ್ರೆ ಹೇಳಿ, ಓಡಿಹೋಗಿ ತಂದುಕೊಡ್ತೀನಿ. ನನ್ನ ಸೀಟಂತೂ ಎಲ್ಲಿಗೂ ಹೋಗಲ್ಲ."

ಹೀಗೆ ಅಂದರೆ ಅಂಪೈರ್ ಕೂಡ ಸಿಟ್ಟಾಗುತ್ತಿರಲಿಲ್ಲ. ಅವಳನ್ನು ಎಲ್ಲರೂ ಚಿಕ್ಕಮ್ಮ ಎಂದು ಕರೆಯುತ್ತಿದ್ದರು.

ಪೆಲಿಕನ್ಸ್ ತಂಡದಲ್ಲಿ ಎಡಗೈಯಿಂದ ಚೆಂಡೆಸೆಯುವ ಪಿಚರ್ ನಾಮಿಕಿಯ ಮೇಲೆ ಅವಳಿಗೆ ವಿಶೇಷ ಸಲಿಗೆ. ಅವನು ಹುಡುಗನಾಗಿ ಈ ತಂಡಕ್ಕೆ ಬಂದಾಗಿನಿಂದ ಅವಳು ಅವನನ್ನು ಬೈಯುತ್ತಲೇ ಬಂದಿದ್ದಳು. "ಏನಪ್ಪಾ ನಾಮಿಕಿ, ಬೆಳಿಗ್ಗೆ ಬರೀ ಗಂಜಿ ಕುಡ್ದು ಬಂದ್ಯಾ? ಚೆಂಡು ಅಲ್ಲೀವರೆಗೆ ಹೋಗೋದೇ ಅನುಮಾನ" ಎಂದರೆ ಅವನು ಟೋಪಿಯ ಅಂಚನ್ನು ಮುಟ್ಟಿ, "ಚಿಕ್ಕಮ್ಮ, ನಿಮ್ಮದಾದ್ರೂ ಊಟ ಆಯ್ತಾ?" ಎಂದು ಮೈದಾನದಿಂದಲೇ ಕೇಳುತ್ತಿದ್ದ. ದೊಡ್ಡ ತಂಡದ ಆಟಗಾರ ಯಾರಾದರೂ ಪ್ರೇಕ್ಷಕರೊಡನೆ ಹೀಗೆ ಮಾತನಾಡುತ್ತಾನೆಯೇ?

ಆದರೆ ಆ ವರ್ಷ ನಾಮಿಕಿಗೆ ವಯಸ್ಸಾಗಿತ್ತು. ಭುಜ ನೋಯುತ್ತಿತ್ತು, ಚೆಂಡಿನ ವೇಗ ಇಳಿದಿತ್ತು. ಅವನಲ್ಲಿ ಉಳಿದಿದ್ದ ಆಯುಧ ಒಂದೇ: ಎರಡು ಬೆರಳುಗಳ ಸಂದಿನಲ್ಲಿ ಚೆಂಡನ್ನು ಸಿಕ್ಕಿಸಿ ಎಸೆಯುವ ಬೀಳುವ ಚೆಂಡು. ನೇರವಾಗಿ ಬರುವಂತೆ ತೋರಿ, ಬ್ಯಾಟಿನ ಹತ್ತಿರ ಬಂದಾಗ ಅದು ತಟ್ಟನೆ ಕೆಳಕ್ಕೆ ಇಳಿಯುತ್ತಿತ್ತು. ಬ್ಯಾಟುಗಾರ ಗಾಳಿಯನ್ನು ಹೊಡೆದು ಹಿಂದಿರುಗುತ್ತಿದ್ದ. ಬೀಸದೆ ಬಿಟ್ಟರೆ ಮಾತ್ರ ಅದು ತೀರಾ ಕೆಳಗೆ ಹೋದ, ವ್ಯರ್ಥ ಎಸೆತವಾಗುತ್ತಿತ್ತು.

ನಾಮಿಕಿಯ ಹೆಂಡತಿ ಫುಮಿಯೆ ಚಿಕುವಾ ಕಾರ್ಖಾನೆಯ ಅಂಗಡಿಗೆ ಬರುತ್ತಿದ್ದಳು. ಬೇಸಿಗೆಯ ಮೊದಲಲ್ಲಿ ಒಂದು ದಿನ, ಪೊಟ್ಟಣ ಕಟ್ಟಿಸಿಕೊಳ್ಳುತ್ತಾ ಅವಳು ತಗ್ಗಿದ ದನಿಯಲ್ಲಿ ಹೇಳಿದಳು:

"ಸೆಪ್ಟೆಂಬರ್ ಮುಗಿಯೋವರೆಗೂ ನೋಡ್ತೀವಿ ಅಂತ ಮ್ಯಾನೇಜರು ಅಂದಿದ್ದಾರಂತೆ, ಚಿಕ್ಕಮ್ಮ. ಚೆನ್ನಾಗಿ ಎಸೆದ್ರೆ ಇನ್ನೊಂದು ವರ್ಷ ಇಟ್ಕೋತಾರೆ. ಇಲ್ಲಾಂದ್ರೆ ಬಿಟ್ಟುಬಿಡ್ತಾರೆ."

"ಬಿಟ್ರೆ ಇನ್ನೊಂದು ತಂಡ ಕರೆಯಲ್ವಾ?"

"ಈ ವಯಸ್ಸಲ್ಲಿ ಯಾರು ಕರೀತಾರೆ? ಹೈಸ್ಕೂಲಿಂದ ಚೆಂಡು ಬಿಟ್ಟು ಬೇರೆ ಏನೂ ಹಿಡಿದೋರಲ್ಲ ಅವರು. ಮಕ್ಕಳಿನ್ನೂ ಚಿಕ್ಕವು."

"ಯೋಚನೆ ಮಾಡಬೇಡ ತಾಯಿ. ನಾನಿದ್ದೀನಲ್ಲ, ಬೈದು ಬೈದು ಗೆಲ್ಲಿಸ್ತೀನಿ" ಎಂದಳು ಕುನಿ. ಫುಮಿಯೆ ನಕ್ಕಳು.

ಆಗಸ್ಟಿನವರೆಗೂ ಅದು ನಿಜವೇ ಆಯಿತು. ತಂಡ ಸೋಲುತ್ತಿತ್ತು, ನಾಮಿಕಿ ಎಸೆದ ದಿನ ಮಾತ್ರ ಗೆಲ್ಲುತ್ತಿತ್ತು. ಅಭಿಮಾನಿಗಳ ತಂಡವೆಂದರೆ ಕ್ಷೌರಿಕ ಎಬಿನಾ ಸಾನ್ ಒಬ್ಬನೇ. ತುತ್ತೂರಿ ಊದುವವನೂ ಅವನೇ, ಧ್ವಜ ಬೀಸುವವನೂ ಅವನೇ. ಒಂದು ಮಾಡುವಾಗ ಇನ್ನೊಂದನ್ನು ಕಾಲ ಸಂದಿಯಲ್ಲಿ ಇಟ್ಟುಕೊಳ್ಳುತ್ತಿದ್ದ. "ಈ ವರ್ಷ ನಾಮಿಕಿ ಉಳ್ಕೋತಾನೆ" ಎಂದು ಅವನೂ ಹೇಳತೊಡಗಿದ್ದ.

ಆಗಸ್ಟಿನ ಕೊನೆಯಲ್ಲಿ ಒಂದು ಭಾನುವಾರ, ಮಧ್ಯಾಹ್ನದ ಆಟ. ಗಾಳಿಯೇ ಇಲ್ಲದ ಬಿಸಿಲು. ಮಲಗುವವರು ನೆರಳಿಗೆ ಸರಿದು ಮಲಗಿದ್ದರು. ಪೆಲಿಕನ್ಸ್ ಒಂದು ಅಂಕದಿಂದ ಮುಂದಿತ್ತು. ಆರನೆಯ ಇನ್ನಿಂಗ್ಸಿನಲ್ಲಿ ನಾಮಿಕಿ ಎದುರಾಳಿಗಳ ಅತಿ ದೊಡ್ಡ ಹೊಡೆತಗಾರನನ್ನು ಬೀಳುವ ಚೆಂಡಿನಿಂದ ಬೆಪ್ಪು ಮಾಡಿ ಕಳಿಸಿದ. ಆ ಧಡೂತಿ ಮನುಷ್ಯ ಬೀಸಿದ ರಭಸಕ್ಕೆ ಮೊಣಕಾಲೂರಿ ಕುಳಿತುಬಿಟ್ಟ. ಕುನಿಗೆ ಸಂತೋಷ ತಡೆಯಲಾಗಲಿಲ್ಲ.

ಅವಳು ಕೂರುತ್ತಿದ್ದ ಜಾಗದಿಂದ ಎಡಗೈಯವನ ಮುಖ ನೇರವಾಗಿ ಕಾಣುತ್ತಿತ್ತು. ಒಂದು ಸಂಗತಿಯನ್ನು ಅವಳು ಎಷ್ಟೋ ದಿನಗಳಿಂದ ಗಮನಿಸಿದ್ದಳು. ಮಗು ಬಾಯಿ ಚಪ್ಪರಿಸುವುದನ್ನು ತಾಯಿ ನೋಡುವಂತೆ ನೋಡಿದ್ದಳೇ ಹೊರತು, ಅದಕ್ಕೆ ಅರ್ಥವಿದೆ ಎಂದು ಎಣಿಸಿರಲಿಲ್ಲ. ಕೈಗವಸಿನೊಳಗೆ ಬೆರಳ ಸಂದಿಗೆ ಚೆಂಡನ್ನು ಸಿಕ್ಕಿಸುವಾಗ ನಾಮಿಕಿಯ ಒಂದು ಕೆನ್ನೆ ಉಬ್ಬುತ್ತಿತ್ತು. ನೇರ ಚೆಂಡು ಎಸೆಯುವಾಗ ಉಬ್ಬುತ್ತಿರಲಿಲ್ಲ.

"ಏನೋ ನಾಮಿಕಿ, ಬಾಯಲ್ಲಿ ಉಪ್ಪಿನಕಾಯಿ ಇಟ್ಕೊಂಡಿದ್ದೀಯಾ?" ಎಂದು ಅವಳು ಕೂಗಿದಳು. "ಬೀಳೋ ಚೆಂಡು ಬಂತು ಅಂದ್ರೆ ಸಾಕು, ಕೆನ್ನೆ ಊದ್ಕೊಳುತ್ತಲ್ಲೋ. ಹಲ್ಲಿನ ಡಾಕ್ಟರ ಹತ್ರ ಹೋಗಿ ಬಾರಪ್ಪಾ."

ಎಬಿನಾ ಸಾನ್ ನಕ್ಕ. ಶೋಗಿಯ ಮುದುಕರು ನಕ್ಕರು. ಮೊದಲನೆಯ ನೆಲೆಯ ಬಳಿ ಎದುರಾಳಿ ತಂಡದ ತರಬೇತುದಾರನೊಬ್ಬ ನಿಂತಿದ್ದ. ನೆರೆತ ಕೂದಲಿನ, ಸೌಮ್ಯ ಮುಖದ ಮನುಷ್ಯ. ಅವನು ತಿರುಗಿ ಕುನಿಯನ್ನು ನೋಡಿ, ಟೋಪಿ ಮುಟ್ಟಿ, ಮುಗುಳ್ನಕ್ಕ. ಎದುರಾಳಿಗಳ ಕಡೆಯವನೂ ತನ್ನ ತಮಾಷೆಯನ್ನು ಮೆಚ್ಚಿದನೆಂದು ಕುನಿ ಹಿಗ್ಗಿದಳು.

"ನೋಡಿ, ನಿಮಗೂ ಕಾಣುತ್ತಲ್ವಾ ಸಾರ್? ಈಗ ನೋಡ್ತಿರಿ, ಊದುತ್ತೆ" ಎಂದು ಮತ್ತೂ ಹೇಳಿದಳು.

ಚೆಂಡೆಸೆಯುವ ಮಣ್ಣಿನ ದಿಬ್ಬದ ಮೇಲೆ ನಾಮಿಕಿ ಅಲುಗದೆ ನಿಂತಿದ್ದ. ಅವನು ಮಾತ್ರ ನಗಲಿಲ್ಲ.

ಮುಂದಿನ ಇನ್ನಿಂಗ್ಸಿನಿಂದ ಎದುರಾಳಿಗಳು ಬೀಳುವ ಚೆಂಡಿಗೆ ಬ್ಯಾಟನ್ನೇ ಎತ್ತಲಿಲ್ಲ. ನೆಲೆಯ ಬಳಿ ನಿಂತಿದ್ದ ಆ ಸೌಮ್ಯ ಮನುಷ್ಯ ಒಮ್ಮೆ ಕಿವಿ ಮುಟ್ಟಿಕೊಳ್ಳುತ್ತಿದ್ದ, ಒಮ್ಮೆ ಚಪ್ಪಾಳೆ ತಟ್ಟುತ್ತಿದ್ದ. ಕಿವಿ ಮುಟ್ಟಿದರೆ ಬ್ಯಾಟುಗಾರ ಸುಮ್ಮನೆ ನಿಲ್ಲುವನು, ಚಪ್ಪಾಳೆ ತಟ್ಟಿದರೆ ಬೀಸುವನು. ವೇಗವಿಲ್ಲದ ನೇರ ಚೆಂಡನ್ನು, ಅದು ನೇರ ಚೆಂಡೇ ಎಂದು ತಿಳಿದವನು ಬಿಡುತ್ತಾನೆಯೇ? ಒಂದರ ಮೇಲೊಂದು ಹೊಡೆತ ಬಿದ್ದಿತು. ಎಬಿನಾ ಸಾನ್ ತುತ್ತೂರಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಮೆಲ್ಲಗೆ ತಲೆ ತಿರುಗಿಸಿ ಕುನಿಯನ್ನು ನೋಡಿದ.

"ಕುನಿ ಸಾನ್, ಏನು ಮಾಡಿಬಿಟ್ರಿ?"

"ನಾನು ತಮಾಷೆಗೆ..." ಎಂದಳು ಕುನಿ.

"ಬೇರೆ ಕಡೆ ಆಗಿದ್ರೆ ತಮಾಷೆ. ಇಲ್ಲಿ ಕೇಳಿಸುತ್ತಲ್ಲ ತಾಯಿ."

ಆಟಗಾರರ ಲೋಕದಲ್ಲಿ ಇಂಥ ಸುದ್ದಿಗೆ ಕಾಲಿಲ್ಲದಿದ್ದರೂ ಓಟ ಹೆಚ್ಚು. ಮುಂದಿನ ವಾರ ಬಂದ ತಂಡಕ್ಕೂ ಗೊತ್ತಿತ್ತು, ಅದರ ಮುಂದಿನದಕ್ಕೂ ಗೊತ್ತಿತ್ತು. ನಾಮಿಕಿಗೆ ಗೊತ್ತಿರಲಿಲ್ಲವೇ? ಅವನಿಗೂ ಗೊತ್ತಿತ್ತು, ಅದೇ ದೊಡ್ಡ ಕಷ್ಟ. ಕೆನ್ನೆಯನ್ನು ಹಿಡಿದಿಡಲು ಹೋದರೆ ಬೆರಳು ಸಡಿಲವಾಗುತ್ತಿತ್ತು. ಬೆರಳಿನ ಮೇಲೆ ಗಮನ ಇಟ್ಟರೆ ಕೆನ್ನೆ ಉಬ್ಬುತ್ತಿತ್ತು. ಹದಿನೈದು ವರ್ಷ ಅವನ ಮೈ ತಾನಾಗಿ ಮಾಡಿಕೊಂಡು ಬಂದ ಕೆಲಸವನ್ನು ಈಗ ಅವನು ಯೋಚಿಸಿ ಮಾಡಬೇಕಾಗಿತ್ತು. ಚೆಂಡು ಬ್ಯಾಟಿನ ಹಿಂದೆ ಕೂತು ಹಿಡಿಯುವ ಕ್ಯಾಚರನ ತಲೆಯ ಮೇಲೆ ಹಾರಿತು, ಬ್ಯಾಟುಗಾರನ ಬೆನ್ನಿಗೆ ಬಡಿಯಿತು. ಒಂದು ದಿನ ಬಾಯಿಗೆ ಕರವಸ್ತ್ರ ಕಚ್ಚಿಕೊಂಡು ಅಭ್ಯಾಸ ಮಾಡುತ್ತಿದ್ದುದನ್ನು ಕುನಿ ಬೇಲಿಯ ಆಚೆಯಿಂದ ನೋಡಿದಳು. ಅಂದು ಅವಳು ಊಟದ ಡಬ್ಬಿಯನ್ನು ಬಿಚ್ಚದೆಯೇ ಮನೆಗೆ ಒಯ್ದಳು.

ಅವಳು ಕೂಗುವುದನ್ನು ನಿಲ್ಲಿಸಿದಳು. ತುಟಿ ಬಿಗಿದು ಕೂರುತ್ತಿದ್ದಳು. ಅವಳ ದನಿಯಿಲ್ಲದೆ ಮೈದಾನ ಇನ್ನಷ್ಟು ದೊಡ್ಡದಾಗಿ, ಇನ್ನಷ್ಟು ಬಿಕೋ ಎನ್ನುವಂತಾಯಿತು. ಧ್ವನಿವರ್ಧಕ ಮೂರು ಸಾವಿರವೆಂದು ಹೇಳಿದಾಗ ಜನ ಅಭ್ಯಾಸಬಲದಿಂದ ಅವಳ ಕಡೆ ನೋಡುತ್ತಿದ್ದರು. ಅವಳು ತಲೆ ತಗ್ಗಿಸುತ್ತಿದ್ದಳು. ಒಬ್ಬ ಮುದುಕ, "ಈಗ ಬಾಯಿ ಮುಚ್ಕೊಂಡ್ರೆ ಏನು ಬಂತು, ಹೋದದ್ದು ಹೋಯ್ತಲ್ಲ" ಎಂದು ಶೋಗಿಯ ಕಾಯಿಗೆ ಹೇಳುವಂತೆ ಹೇಳಿದ.

ಸೆಪ್ಟೆಂಬರಿನ ಕೊನೆಯ ವಾರ ಬಂದಿತು. ಭಾನುವಾರ ನಾಮಿಕಿಗೆ ಇನ್ನೊಂದು ಅವಕಾಶ ಕೊಡುವರೆಂದೂ, ಅದೇ ಕೊನೆಯದೆಂದೂ ಎಬಿನಾ ಸಾನ್ ಸುದ್ದಿ ತಂದ. ಕುನಿ ಮರುದಿನ ಆಟಗಾರರು ಹೋಗಿಬರುವ ಹಿಂದಿನ ಬಾಗಿಲ ಬಳಿ ಕಾದಳು. ಸೈಕಲ್ ಶೆಡ್ಡಿನ ನೆರಳಲ್ಲಿ ನಿಂತಿದ್ದವಳನ್ನು ಕಂಡು ನಾಮಿಕಿ ತಾನಾಗಿಯೇ ಹತ್ತಿರ ಬಂದ. ಕುನಿ ಸೊಂಟ ಬಗ್ಗಿಸಿ, ತಲೆ ಎತ್ತದೆ ನಿಂತಳು.

"ತಲೆ ಎತ್ತಿ ಚಿಕ್ಕಮ್ಮ, ಯಾರಾದ್ರೂ ನೋಡ್ತಾರೆ."

"ನನ್ನ ಬಾಯಿಗೆ ಬೆಂಕಿ ಬೀಳ್ಲಿ, ನಾಮಿಕಿ."

"ಬಿದ್ರೆ ನನಗೇನು ಲಾಭ? ನೀವು ಸುಳ್ಳೇನೂ ಹೇಳ್ಲಿಲ್ಲ. ಊದಿದ್ದು ನನ್ನ ಕೆನ್ನೆಯೇ."

"ಭಾನುವಾರ ನೀನು ಗೆಲ್ಲಬೇಕಪ್ಪಾ. ನಾನೇನು ಮಾಡಲಿ, ಹೇಳು. ಸುಳ್ಳು ಸುಳ್ಳೇ ಕೂಗ್ಲಾ? ನೇರ ಚೆಂಡಿಗೆ ಬೀಳೋ ಚೆಂಡು ಅಂತ?"

ಅವನು ಸ್ವಲ್ಪ ನಕ್ಕ.

"ಒಂದು ಮಾತು ಕೇಳಿದ್ರೆ ಬೇಜಾರು ಮಾಡ್ಕೋಬಾರ್ದು."

"ನಿನ್ನಿಂದ ನನಗೆಂಥ ಬೇಜಾರು?"

"ಬರಬೇಡಿ."

ಕುನಿಗೆ ಮೊದಲು ಅರ್ಥವಾಗಲಿಲ್ಲ.

"ನಿಮ್ಮನ್ನ ನೋಡಿದ ಕೂಡಲೇ ನನಗೆ ಕೆನ್ನೆ ನೆನಪಾಗುತ್ತೆ" ಎಂದ ನಾಮಿಕಿ. "ನೆನಪಾಯ್ತು ಅಂದ್ರೆ ಕೈ ಮರೆತುಹೋಗುತ್ತೆ."

"ಬಾಯಿ ಮುಚ್ಕೊಂಡೇ ಕೂತಿರ್ತೀನಲ್ಲಪ್ಪಾ."

"ನೀವು ಸುಮ್ಮನಿರೋದು ಇನ್ನೂ ಜೋರಾಗಿ ಕೇಳಿಸುತ್ತೆ, ಚಿಕ್ಕಮ್ಮ."

"ದೂರ ಕೂತ್ಕೋತೀನಿ. ಮೂಲೇಲಿ."

"ಇರೋದೇ ನಾಲ್ಕು ಜನ. ಯಾವ ಮೂಲೇಲಿ ಕೂತ್ರೂ ಕಾಣ್ತೀರಿ."

ಅವನ ಮಾತಿನಲ್ಲಿ ಕೋಪವಿರಲಿಲ್ಲ. ಭಾರದ ಸಾಮಾನನ್ನು ಸ್ವಲ್ಪ ಸರಿಸಿಕೊಡಿ ಎಂದು ಕೇಳುವ ಧಾಟಿಯಲ್ಲಿ ಕೇಳಿದ್ದ. ಕುನಿ ಒಪ್ಪಿ, ತಂದಿದ್ದ ಚಿಕುವಾದ ಪೊಟ್ಟಣವನ್ನು ಅವನ ಕೈಗಿಟ್ಟು, ಸೇತುವೆಯ ಕಡೆ ನಡೆದಳು.

ಭಾನುವಾರ ಮನೆಯಲ್ಲಿರಲು ಅವಳಿಂದ ಆಗಲಿಲ್ಲ. ಒಳಗೆ ಬರುವುದಿಲ್ಲ ಎಂದು ಮಾತು ಕೊಟ್ಟಿದ್ದಳು, ಒಳಗೆ ಹೋಗಲಿಲ್ಲ. ಮೈದಾನದ ಗೋಡೆಗೂ ಕಾಲುವೆಗೂ ನಡುವೆ ಕಾಂಕ್ರೀಟಿನ ಏರಿ ಇತ್ತು. ಅದರ ಮೇಲೆ ಕುಳಿತಳು. ಪಕ್ಕದಲ್ಲಿ ಒಬ್ಬ ಮನುಷ್ಯ ಗಾಳ ಹಾಕಿಕೊಂಡು ಸಣ್ಣ ಮೀನು ಹಿಡಿಯುತ್ತಿದ್ದ.

"ಒಳಗೆ ಆಟ ಇದ್ಯೇನಮ್ಮಾ?" ಎಂದು ಅವನು ಕೇಳಿದ.

"ಇದೆ."

"ಸದ್ದೇ ಇಲ್ವಲ್ಲ. ರಜಾನೇನೋ ಅನ್ಕೊಂಡೆ."

ಸದ್ದು ಇತ್ತು, ಕುನಿಯ ಕಿವಿಗೆ ಮಾತ್ರ ಸಾಲುವಷ್ಟು. ಕ್ಯಾಚರನ ಕೈಗವಸಿಗೆ ಚೆಂಡು ಬೀಳುವ ಸದ್ದು ಗೋಡೆ ದಾಟಿ ಬರುತ್ತಿತ್ತು. ನೇರ ಚೆಂಡಾದರೆ ಠಪ್ ಎಂದು ಗಟ್ಟಿ, ಬೀಳುವ ಚೆಂಡಾದರೆ ಮೆತ್ತಗೆ, ಕೆಲವೊಮ್ಮೆ ಮಣ್ಣಿನ ಸದ್ದೂ ಸೇರಿ. ಮೊದಮೊದಲು ಎಲ್ಲವೂ ಕೈಗವಸಿಗೇ ಬಿದ್ದವು. ಬ್ಯಾಟು ಮುಟ್ಟುವ ಸದ್ದು ಅಪರೂಪವಾಗಿತ್ತು. ಪೆಲಿಕನ್ಸ್ ಆಡುವ ಸರದಿ ಬಂದಾಗ ಎಬಿನಾ ಸಾನನ ತುತ್ತೂರಿ ಕೇಳಿಸಿತು, ಎಂದಿನ ಹಾಗೆ ಕೊನೆಯ ಸ್ವರಕ್ಕೆ ಉಸಿರು ಸಾಲದೆ. ಕುನಿ ಮಡಿಲಲ್ಲಿ ಕೈ ಕಟ್ಟಿಕೊಂಡು ಕುಳಿತಿದ್ದಳು. ಕೆನ್ನೆಯನ್ನು ಮರೆತಿದ್ದಾನೆ, ತಾನಿಲ್ಲದ ಕಾರಣ ಮರೆತಿದ್ದಾನೆ ಎಂದುಕೊಂಡಳು. ಹಾಗೆ ಅಂದುಕೊಂಡಾಗ ಎದೆಯಲ್ಲಿ ಸಂತೋಷವೂ ಚುಚ್ಚಿದಂಥ ನೋವೂ ಒಟ್ಟಿಗೆ ಬಂದವು.

ಆಮೇಲೆ ಬ್ಯಾಟಿನ ಸದ್ದು ಬಂತು. ಒಣ ಮರ ಸೀಳಿದ ಹಾಗೆ, ಒಮ್ಮೆ. ಸ್ವಲ್ಪ ಹೊತ್ತಿನಲ್ಲಿ ಇನ್ನೊಮ್ಮೆ.

ಬೇರೆ ಊರಿನ ಮೈದಾನದಲ್ಲಿ ಗೋಡೆಯ ಹೊರಗೆ ಕುಳಿತವನಿಗೂ ಏನಾಯಿತೆಂದು ತಿಳಿಯುತ್ತದೆ. ಸಾವಿರಾರು ಜನ ಒಮ್ಮೆಲೇ ಉಸಿರೆಳೆದದ್ದು, ಕೂಗಿದ್ದು, ನಿಟ್ಟುಸಿರಿಟ್ಟದ್ದು ಕೇಳಿಸುತ್ತದೆ. ಇಲ್ಲಿ ಬ್ಯಾಟಿನ ಸದ್ದಿನ ನಂತರ ಏನೂ ಇಲ್ಲ. ಚೆಂಡನ್ನು ಯಾರಾದರೂ ಹಿಡಿದರೋ, ಅದು ಗೋಡೆ ದಾಟಿ ಹೋಯಿತೋ, ನಾಮಿಕಿ ಟೋಪಿ ಸರಿಪಡಿಸಿಕೊಂಡು ನಿಂತನೋ, ತಲೆ ತಗ್ಗಿಸಿದನೋ? ಕಾಲುವೆಯಲ್ಲಿ ಎಣ್ಣೆಯ ಪೊರೆ ಮೆಲ್ಲಗೆ ತೇಲುತ್ತಿತ್ತು. ಮೂರನೆಯ ಸಲ ಬ್ಯಾಟಿನ ಸದ್ದಾಯಿತು. ಎದುರಾಳಿಗಳ ಕಡೆಯಿಂದ ಯಾರೋ ಒಬ್ಬ ಸಣ್ಣ ಡೋಲು ಬಾರಿಸಿದ. ಬಾರಿಸುತ್ತಲೇ ಇದ್ದ.

ಕೊನೆಗೆ ಧ್ವನಿವರ್ಧಕದ ಹೆಣ್ಣು ದನಿ ಮಾತನಾಡಿತು. "ಪೆಲಿಕನ್ಸ್ ತಂಡದಲ್ಲಿ ಪಿಚರ್ ಬದಲಾವಣೆ. ನಾಮಿಕಿಯವರ ಬದಲಿಗೆ..." ಬದಲಿಗೆ ಯಾರೆಂಬುದನ್ನು ಕುನಿ ಕೇಳಿಸಿಕೊಳ್ಳಲಿಲ್ಲ.

ದಿಬ್ಬದಿಂದ ಬೆಂಚಿಗೆ ಅವನು ನಡೆದುಹೋಗುವಷ್ಟು ಹೊತ್ತು ಅವಳು ಕಾದಳು. ಯಾರಾದರೂ ಚಪ್ಪಾಳೆ ತಟ್ಟಬಹುದಿತ್ತು. ಸದ್ದೇನೂ ಕೇಳಿಸಲಿಲ್ಲ. ತಟ್ಟಿದರೂ ನಾಲ್ಕು ಜನರ ಚಪ್ಪಾಳೆ ಗೋಡೆ ದಾಟುತ್ತಿರಲಿಲ್ಲವೇನೋ. ಅವಳ ಬಾಯಿ ತಾನಾಗಿ ತೆರೆದುಕೊಂಡಿತು. ಅವಳ ದನಿ ಮಾತ್ರ ಖಂಡಿತ ಒಳಗೆ ತಲುಪುತ್ತಿತ್ತು. ಅವಳು ಹೆಗಲ ಮೇಲಿನ ವಸ್ತ್ರವನ್ನು ಎಳೆದು ಬಾಯಿಗೆ ಒತ್ತಿಕೊಂಡಳು.

"ಯಾಕಮ್ಮಾ, ಹುಷಾರಿಲ್ವಾ?" ಎಂದು ಗಾಳದವನು ಕೇಳಿದ.

ಕುನಿ ಏನೂ ಆಗಿಲ್ಲವೆಂಬಂತೆ ಕೈಯಾಡಿಸಿದಳು.

ಅಕ್ಟೋಬರಿನಲ್ಲಿ ಪತ್ರಿಕೆಯ ಮೂಲೆಯಲ್ಲಿ, ತಂಡದಿಂದ ಬಿಡುಗಡೆಯಾದ ಏಳೆಂಟು ಹೆಸರುಗಳ ನಡುವೆ ನಾಮಿಕಿಯ ಹೆಸರು ಬಂತು. ನವೆಂಬರಿನಲ್ಲಿ ಫುಮಿಯೆ ಅಂಗಡಿಗೆ ಬಂದಳು. ಉತ್ತರದ ನನ್ನ ತವರೂರಿಗೆ ಎಲ್ಲರೂ ಹೋಗುತ್ತಿದ್ದೇವೆ, ಅಣ್ಣನ ಮರದ ಅಡ್ಡೆಯಲ್ಲಿ ಅವರಿಗೊಂದು ಕೆಲಸ ಸಿಕ್ಕಿದೆ ಎಂದು ಹೇಳಿ, ಊರು ಬಿಡುವವರು ಕೊಡುವ ಪದ್ಧತಿಯಂತೆ ಒಂದು ಹೊಸ ಟವೆಲ್ಲನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು.

"ಭುಜ ಹೇಗಿದೆ?" ಎಂದು ಕುನಿ ಕೇಳಿದಳು.

"ತೋಳು ಮೇಲಕ್ಕೆತ್ತಿದ್ರೆ ನೋವು. ಮರ ಹೊರೋಕೆ ಏನೂ ತೊಂದ್ರೆ ಇಲ್ವಂತೆ." ಫುಮಿಯೆ ಟವೆಲ್ಲನ್ನು ಕುನಿಯ ಕೈಗಿಟ್ಟು, "ಅವರಿಗೆ ನಿಮ್ಮ ಮೇಲೆ ಕೋಪ ಇಲ್ಲ, ಚಿಕ್ಕಮ್ಮ. ಹೇಳು ಅಂದಿದ್ದಾರೆ" ಎಂದಳು.

"ಇದ್ದಿದ್ರೆ ಚೆನ್ನಾಗಿತ್ತು ತಾಯಿ" ಎಂದಳು ಕುನಿ.

ಚಳಿಗಾಲವೆಲ್ಲ ಅವಳು ಮೈದಾನದ ಹೆಸರೆತ್ತಲಿಲ್ಲ. ಕಾರ್ಖಾನೆಯಲ್ಲಿ ಜೊತೆಯ ಹೆಂಗಸರು, ಕುನಿಯ ಮಾತು ಕೇಳಬೇಕಾದರೆ ಈಗ ಯಂತ್ರ ನಿಲ್ಲಿಸಬೇಕು ಎಂದು ಹೇಳಿಕೊಂಡರು. ಆದರೆ ಏಪ್ರಿಲ್ ಬಂದಾಗ ಹೋದಳು. ಎಲ್ಲಿಗೆ ಹೋಗಬೇಕು ಮತ್ತೆ? ತನ್ನ ಹಳೆಯ ಜಾಗದಲ್ಲೇ ಕುಳಿತು ಡಬ್ಬಿ ಬಿಚ್ಚಿದಳು. ಎಬಿನಾ ಸಾನ್ ತುತ್ತೂರಿ ಒರೆಸುತ್ತಾ, ಕಳೆದ ವರ್ಷದ್ದು ಯಾವುದನ್ನೂ ಎತ್ತದೆ, "ಬನ್ನಿ ಬನ್ನಿ ಕುನಿ ಸಾನ್. ಜಾಗ ಸಿಗ್ತೋ ಇಲ್ವೋ ಅಂತ ಹೆದರಿದ್ದೆ" ಎಂದ. ಅವಳಿಗೆ ನಗು ಬಂತು.

ನಾಮಿಕಿಯ ಬದಲಿಗೆ ಹೊಸಬನೊಬ್ಬ ಬಂದಿದ್ದ. ಅವನೂ ಎಡಗೈಯವನು, ಮೊಡವೆ ಮುಖದ ಹಳ್ಳಿಯ ಹುಡುಗ. ಒಳ್ಳೆಯ ಕೈ. ಎರಡು ಇನ್ನಿಂಗ್ಸುಗಳವರೆಗೆ ಕುನಿ ಅವನನ್ನು ನೋಡಿದಳು. ಮೂರನೆಯದರಲ್ಲಿ ಅವಳ ಚಾಪ್‌ಸ್ಟಿಕ್ಕು ಡಬ್ಬಿಯ ಮೇಲೆಯೇ ನಿಂತಿತು. ವೇಗದ ಚೆಂಡಿಗೆ ಮೊದಲು ಹುಡುಗ ಒಮ್ಮೆ ಕಣ್ಣು ಪಿಳುಕಿಸುತ್ತಿದ್ದ. ತಿರುಗುವ ಚೆಂಡಿಗೆ ಪಿಳುಕಿಸುತ್ತಿರಲಿಲ್ಲ. ನೋಡಬಾರದೆಂದು ಮುಖ ತಿರುಗಿಸಿದಳು, ಮತ್ತೆ ನೋಡಿದಳು. ಹೌದು, ಹಾಗೆಯೇ.

ಕುನಿ ಡಬ್ಬಿ ಮುಚ್ಚಿ, ವಸ್ತ್ರದಲ್ಲಿ ಗಂಟು ಕಟ್ಟಿ, ಎದ್ದಳು.

"ಎಲ್ಲಿಗೆ? ಇನ್ನೂ ಮೂರನೇ ಇನ್ನಿಂಗ್ಸು" ಎಂದ ಎಬಿನಾ ಸಾನ್.

"ಆ ಕಡೆ ಹೋಗಿ ಕೂತ್ಕೋತೀನಿ."

ಅವಳು ಕೈತೋರಿಸಿದ್ದು ಮೈದಾನದ ಆಚೆ ತುದಿಗೆ, ಅಂಕಫಲಕದ ಕೆಳಗಿನ ಮರದ ಬೆಂಚುಗಳಿಗೆ. ಅಲ್ಲಿ ಹಗಲು ಮಲಗುವವರು ಕೂಡ ಹೋಗುತ್ತಿರಲಿಲ್ಲ. ಬಿಸಿಲು ಜಾಸ್ತಿ.

"ಅಲ್ಲಿಂದ ಏನು ಕಾಣುತ್ತೆ ನಿಮಗೆ? ಪಿಚರನ ಬೆನ್ನು ಬಿಟ್ರೆ ಏನಿಲ್ಲ."

"ಬೆನ್ನು ಸಾಕು" ಎಂದು ಹೇಳಿ ಕುನಿ ಮೆಟ್ಟಿಲು ಹತ್ತಿದಳು. ಖಾಲಿ ಸಾಲುಗಳ ನಡುವೆ ಅವಳು ಇಡೀ ಮೈದಾನವನ್ನು ಸುತ್ತಿಕೊಂಡು ಹೋಗುವುದನ್ನು ಶೋಗಿಯ ಮುದುಕರು ತಲೆಯೆತ್ತಿ ನೋಡಿದರು. ದಿಬ್ಬದ ಮೇಲಿನ ಹುಡುಗನೂ ಒಂದು ಗಳಿಗೆ ಚೆಂಡನ್ನು ಹಿಡಿದುಕೊಂಡು, ಈ ಹೆಂಗಸು ಎಲ್ಲಿಗೆ ಹೋಗುತ್ತಿದ್ದಾಳೆ ಎಂದು ನೋಡಿದ.